ಎರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ್ದೇನೆ, ಒಂಬತ್ತೇ ತಿಂಗಳಿಗೆ ಬಿಡಬಹುದೇ?

ನಿಮ್ಮ ಪ್ರಶ್ನೆಯ ಸಾರ ನನಗೆ ಅರ್ಥವಾದದ್ದು ಹೀಗೆ: ಎರಡು ವರ್ಷದ ನಿಗದಿತ ಅವಧಿಯ ಒಪ್ಪಂದ, ಒಂಬತ್ತು ತಿಂಗಳು ಮುಗಿದಿವೆ, ಬೇರೆ ಕಡೆ ಕಾಯಂ ಕೆಲಸ ಸಿಕ್ಕಿದೆ. ಒಪ್ಪಂದದಲ್ಲಿ ರಾಜೀನಾಮೆಯ ಮಾತೇ ಇಲ್ಲ, ಮಧ್ಯದಲ್ಲಿ ಬಿಟ್ಟರೆ ಇಷ್ಟು ಕಟ್ಟಬೇಕು ಎಂಬ ಮೊತ್ತವೂ ಇಲ್ಲ. ಎಚ್‌ಆರ್ ವಿಭಾಗದವರು "ಉಳಿದ ಹದಿನೈದು ತಿಂಗಳ ಸಂಬಳ ಕಟ್ಟಿ ಹೋಗಿ, ಇಲ್ಲವಾದರೆ ಕೋರ್ಟಿನಲ್ಲಿ ನೋಡಿಕೊಳ್ಳುತ್ತೇವೆ" ಎಂದಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ ಎಂದೂ ಬರೆದಿದ್ದೀರಿ. ನಾನು ವಕೀಲಿಕೆ ಮಾಡಿದ ವ್ಯಕ್ತಿಯಲ್ಲ. ಆದರೆ ಹಲವು ವರ್ಷ ಸಿಬ್ಬಂದಿ ವಿಭಾಗದಲ್ಲಿ ಕುಳಿತು ಇಂಥ ಒಪ್ಪಂದಗಳನ್ನು ಸಿದ್ಧಪಡಿಸಿದ್ದೇನೆ, ಅವಧಿಗೆ ಮೊದಲೇ ಮುಗಿಸಿಯೂ ಕೊಟ್ಟಿದ್ದೇನೆ. ಮೇಜಿನ ಆ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ.

ನೀವು ಹೊರಬರಬಹುದು. ನಿಮ್ಮನ್ನು ಹಿಡಿದು ಕೂರಿಸಿ ಕೆಲಸ ಮಾಡಿಸುವ ಅಧಿಕಾರ ಯಾವ ಕಂಪನಿಗೂ ಇಲ್ಲ, ಸಾಮಾನ್ಯವಾಗಿ ಯಾವ ನ್ಯಾಯಾಲಯವೂ ಅಂಥ ಆದೇಶ ಕೊಡುವುದಿಲ್ಲ. ಹೊರಬರುವುದಕ್ಕೆ ಬೆಲೆ ತೆರಬೇಕಾಗಬಹುದು, ಅದು ನಿಜ. ಆದರೆ ಆ ಬೆಲೆ ಬಾಯಿಮಾತಿನಲ್ಲಿ ಬೆದರಿಸಿದಷ್ಟು ಆಗುವುದು ತೀರಾ ಅಪರೂಪ. ಎರಡೂ ಕಡೆಯವರು ಕುಳಿತು, ಒಪ್ಪಿ, ಬರೆದು ಮುಗಿಸಿಕೊಂಡರೆ ಬಹಳ ಸಲ ಅದು ಸೊನ್ನೆಗೂ ಇಳಿಯುತ್ತದೆ. ನಿಮ್ಮ ಶಕ್ತಿಯನ್ನೆಲ್ಲ ಆ ಕಡೆಗೆ ಹಾಕಿ.

ಕಾನೂನು ಈ ವಿಷಯದಲ್ಲಿ ಎಲ್ಲಿ ನಿಂತಿದೆ ಎಂದು ತಿಳಿಯಲು ಹಳೆಯದೊಂದು ಪ್ರಕರಣ ನೋಡಬೇಕು. 1852ರಲ್ಲಿ ಯೊಹಾನ್ನಾ ವಾಗ್ನರ್ ಎಂಬ ಗಾಯಕಿ ಲಂಡನ್ನಿನ ಒಂದು ನಾಟಕಶಾಲೆಯಲ್ಲಿ ಮೂರು ತಿಂಗಳು ಹಾಡಲು ಒಪ್ಪಿಕೊಂಡರು. ಆ ಅವಧಿಯಲ್ಲಿ ಬೇರೆಲ್ಲೂ ಹಾಡುವುದಿಲ್ಲ ಎಂಬ ಷರತ್ತೂ ಅದರಲ್ಲಿತ್ತು. ಅಷ್ಟರಲ್ಲಿ ಇನ್ನೊಂದು ರಂಗಮಂದಿರದವರು ಹೆಚ್ಚು ಹಣ ಕೊಡುವುದಾಗಿ ಕರೆದರು, ಆಕೆ ಅತ್ತ ಹೊರಟರು. ಮೊದಲ ನಾಟಕಶಾಲೆಯ ಮಾಲೀಕ ಲಮ್ಲಿ ಮೊಕದ್ದಮೆ ಹೂಡಿದ. ಆಕೆಯನ್ನು ಲಮ್ಲಿಯ ರಂಗದ ಮೇಲೆ ಹಾಡುವಂತೆ ಬಲವಂತಪಡಿಸಲು ತನಗೆ ಸಾಧ್ಯವಿಲ್ಲ, ಆದರೆ ಒಪ್ಪಿದ ಅವಧಿಯಲ್ಲಿ ಬೇರೆಡೆ ಹಾಡದಂತೆ ತಡೆಯಬಲ್ಲೆ ಎಂದಿತು ನ್ಯಾಯಾಲಯ. ಇಷ್ಟು ವರ್ಷಗಳಾದರೂ ಇಂಗ್ಲಿಷ್ ಕಾನೂನನ್ನು ಅನುಸರಿಸುವ ದೇಶಗಳಲ್ಲಿ ಚಿತ್ರ ಹೆಚ್ಚುಕಡಿಮೆ ಇದೇ. ಭಾರತದ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 14 ಕೂಡ ವ್ಯಕ್ತಿಯ ವೈಯಕ್ತಿಕ ಅರ್ಹತೆಯನ್ನೇ ನೆಚ್ಚಿಕೊಂಡ ಒಪ್ಪಂದವನ್ನು ಬಲವಂತವಾಗಿ ಜಾರಿ ಮಾಡಿಸಲು ಬರುವುದಿಲ್ಲ ಎನ್ನುತ್ತದೆ.

ಹಾಗಾಗಿ ಮೊದಲು ನೋಡಬೇಕಾದದ್ದು ಆ "ಬೇರೆಲ್ಲೂ ಕೆಲಸ ಮಾಡುವುದಿಲ್ಲ" ಎಂಬ ಸಾಲು ನಿಮ್ಮ ಒಪ್ಪಂದದಲ್ಲಿದೆಯೇ ಎಂಬುದನ್ನು. ಇದನ್ನು ಜನ ಲಘುವಾಗಿ ತೆಗೆದುಕೊಳ್ಳುತ್ತಾರೆ. ಕೆಲಸ ಬಿಟ್ಟ ಮೇಲೆ ಅದೇ ಕ್ಷೇತ್ರದಲ್ಲಿ ದುಡಿಯಬಾರದು ಎಂಬ ಷರತ್ತನ್ನು ಭಾರತದ 1872ರ ಒಪ್ಪಂದ ಕಾಯ್ದೆಯ ಸೆಕ್ಷನ್ 27 ಅನೂರ್ಜಿತ ಎನ್ನುತ್ತದೆ, ಅದನ್ನು ಓದಿಕೊಂಡು ನಿಶ್ಚಿಂತರಾಗಿಬಿಡುತ್ತಾರೆ. ಒಪ್ಪಂದದ ಅವಧಿ ಇನ್ನೂ ಓಡುತ್ತಿರುವಾಗಿನ ಕಥೆ ಬೇರೆ. 1967ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಸೆಂಚುರಿ ಸ್ಪಿನ್ನಿಂಗ್ ಪ್ರಕರಣ ಇದಕ್ಕೆ ನೇರವಾದ ಉದಾಹರಣೆ. ಟೈರಿಗೆ ಬಳಸುವ ನೂಲಿನ ಘಟಕದಲ್ಲಿ ಐದು ವರ್ಷದ ಒಪ್ಪಂದದ ಮೇಲೆ ಸೇರಿದ್ದ ಶಿಫ್ಟ್ ಮೇಲ್ವಿಚಾರಕರೊಬ್ಬರು ವಿದೇಶಿ ತಂತ್ರಜ್ಞಾನದ ತರಬೇತಿ ಪಡೆದು, ಅವಧಿಯ ಮಧ್ಯದಲ್ಲೇ ಹೆಚ್ಚು ಸಂಬಳಕ್ಕೆ ಪ್ರತಿಸ್ಪರ್ಧಿ ಕಾರ್ಖಾನೆ ಸೇರಿದರು. ಉಳಿದ ಅವಧಿಯಲ್ಲಿ ಅದೇ ಬಗೆಯ ಕೆಲಸವನ್ನು ಬೇರೆಡೆ ಮಾಡಬಾರದು ಎಂಬ ತಡೆಯಾಜ್ಞೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಕಾಪಾಡಲು ಯೋಗ್ಯವಾದ ಗುಟ್ಟೊಂದು ಕಂಪನಿಗೆ ನಿಜವಾಗಿಯೂ ಇತ್ತು ಎಂಬುದನ್ನು ಮರೆಯಬಾರದು. ಸಾಮಾನ್ಯ ಕಚೇರಿ ಕೆಲಸಕ್ಕೆ ಅಂಥ ತಡೆ ಸಿಗುವುದು ಕಷ್ಟ. ನಿಮ್ಮ ಹೊಸ ಕೆಲಸ ನೇರ ಪ್ರತಿಸ್ಪರ್ಧಿಯ ಬಳಿ ಇದ್ದು, ನಿಮ್ಮ ಕೈಯಲ್ಲಿ ಈಗಿನ ಕಂಪನಿಯ ಸೂತ್ರ, ಗ್ರಾಹಕರ ಪಟ್ಟಿ, ವಿನ್ಯಾಸ ಮುಂತಾದವು ಇದ್ದರೆ ಮಾತ್ರ ಮೊದಲು ವಕೀಲರ ಬಳಿ ಹೋಗಿ.

ಈಗ ಹಣದ ವಿಷಯ. ನಿಮ್ಮ ನಿದ್ದೆ ಕೆಡಿಸಿರುವುದೂ ಅದೇ.

ಉಳಿದ ಹದಿನೈದು ತಿಂಗಳ ಸಂಬಳ ಎಂಬ ಲೆಕ್ಕ ಕೇಳಲು ಭಯಂಕರವಾಗಿದೆ, ಒಳಗೆ ಹೊಕ್ಕು ನೋಡಿದರೆ ಟೊಳ್ಳು. ನಿಮ್ಮ ತಿಂಗಳ ಸಂಬಳ ನೂರು ಎಂದಿಟ್ಟುಕೊಳ್ಳೋಣ. ನೀವು ಹೋದರೆ ಕಂಪನಿ ನಿಮಗೆ ಆ ಹದಿನೈದು ನೂರನ್ನು ಕೊಡುವುದೇ ಇಲ್ಲ, ಅದು ಅವರ ಬಳಿಯೇ ಉಳಿಯುತ್ತದೆ. ಹಾಗಿದ್ದರೆ ನಷ್ಟ ಎಲ್ಲಿ? ಬೇರೆಯವರನ್ನು ಹುಡುಕಲು ಎರಡು ತಿಂಗಳು ಹಿಡಿಯಿತು, ಅವರು ನೂರಹತ್ತಕ್ಕೆ ಬಂದರು ಎನ್ನೋಣ. ಹದಿಮೂರು ತಿಂಗಳಿಗೆ ತಲಾ ಹತ್ತರಂತೆ ನೂರಮೂವತ್ತು ಹೆಚ್ಚುವರಿ ಖರ್ಚು. ಹುಡುಕಿಕೊಟ್ಟ ಏಜೆನ್ಸಿಗೆ ಒಂದು ನೂರು. ಒಟ್ಟು ಇನ್ನೂರಮೂವತ್ತು. ಎರಡೂವರೆ ತಿಂಗಳ ಸಂಬಳವೂ ಆಗಲಿಲ್ಲ. ಜಾಗ ಖಾಲಿಯಿದ್ದ ಎರಡು ತಿಂಗಳಲ್ಲಿ ಉಳಿದ ಇನ್ನೂರನ್ನು ಆ ತಿಂಗಳುಗಳ ತೊಂದರೆಗೆ ಎದುರಾಗಿ ಇಟ್ಟು ನೋಡಬೇಕು. ಮಾಲೀಕರು ಕೈಕಟ್ಟಿ ಕುಳಿತು ನಷ್ಟ ಬೆಳೆಯಲು ಬಿಡುವಂತೆಯೂ ಇಲ್ಲ. ನಷ್ಟವನ್ನು ತಗ್ಗಿಸಿಕೊಳ್ಳಲು ಅವರಿಗಿದ್ದ ದಾರಿಗಳನ್ನೂ ಗಣಿಸಬೇಕು ಎಂದು ಒಪ್ಪಂದ ಕಾಯ್ದೆಯ ಸೆಕ್ಷನ್ 73 ಹೇಳುತ್ತದೆ. ಒಪ್ಪಂದ ಮುರಿದದ್ದರಿಂದ ಸಹಜವಾಗಿ ಆದ ನಷ್ಟ, ಇಲ್ಲವೇ ಸಹಿ ಹಾಕುವಾಗಲೇ ಇಬ್ಬರಿಗೂ ತಿಳಿದಿದ್ದ ನಷ್ಟ, ಇವಿಷ್ಟಕ್ಕೇ ಪರಿಹಾರ. ದೂರದ, ಪರೋಕ್ಷ ನಷ್ಟಕ್ಕೆ ಇಲ್ಲ.

ಒಪ್ಪಂದದಲ್ಲೇ ಒಂದು ಮೊತ್ತ ಬರೆದಿದ್ದರೆ? ನಮ್ಮವರು ಬಾಂಡ್ ಎನ್ನುವುದು ಇದನ್ನೇ. ಸೆಕ್ಷನ್ 74ರ ಪ್ರಕಾರ ಆ ಮೊತ್ತ ಒಂದು ಗರಿಷ್ಠ ಮಿತಿ. ಅದರೊಳಗೆ ನ್ಯಾಯಸಮ್ಮತ ಎನಿಸಿದಷ್ಟು ಪರಿಹಾರ ಸಿಗುತ್ತದೆ. ಹಾಗೆಂದು ಬಾಂಡಿಗೆ ಬೆಲೆಯೇ ಇಲ್ಲ ಎಂದು ಗೆಳೆಯರು ಹೇಳುವ ಧೈರ್ಯದ ಮಾತನ್ನು ನಂಬಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಓದಬೇಕಾದದ್ದು. ಕನಿಷ್ಠ ಮೂರು ವರ್ಷ ಸೇವೆ ಸಲ್ಲಿಸಬೇಕು, ತಪ್ಪಿದರೆ ಎರಡು ಲಕ್ಷ ರೂಪಾಯಿ ಕಟ್ಟಬೇಕು ಎಂಬ ಷರತ್ತಿನ ಮೇಲೆ 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಇನ್ನೊಂದು ಬ್ಯಾಂಕಿಗೆ ಹೋದರು. ಆಕ್ಷೇಪ ದಾಖಲಿಸಿಯೇ ಹಣ ಕಟ್ಟಿ, ಆಮೇಲೆ ಮೊಕದ್ದಮೆ ಹೂಡಿದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರು ಗೆದ್ದರು, ಸುಪ್ರೀಂ ಕೋರ್ಟಿನಲ್ಲಿ ಬ್ಯಾಂಕ್ ಗೆದ್ದಿತು. ಸಾರ್ವಜನಿಕ ವಲಯದ ಬ್ಯಾಂಕು ಒಬ್ಬರನ್ನು ನೇಮಿಸಿಕೊಳ್ಳಬೇಕಾದರೆ ಜಾಹೀರಾತು ಕೊಟ್ಟು, ಮುಕ್ತ ಸ್ಪರ್ಧೆ ನಡೆಸಿ, ಖರ್ಚು ಮಾಡಬೇಕು, ಬೇಕೆಂದವರನ್ನು ಮರುದಿನವೇ ಕರೆತರಲಾಗದು; ಆ ಅಧಿಕಾರಿಯ ಹುದ್ದೆ, ಸಂಬಳಕ್ಕೆ ಹೋಲಿಸಿದರೆ ಎರಡು ಲಕ್ಷ ರಾಜೀನಾಮೆಯನ್ನೇ ಅಸಾಧ್ಯವಾಗಿಸುವಷ್ಟು ದೊಡ್ಡದಲ್ಲ ಎಂಬುದು ಕೋರ್ಟಿನ ವಾದ. ಈ ತೀರ್ಪನ್ನು ಹಿಡಿದುಕೊಂಡು ಎಲ್ಲ ಬಾಂಡುಗಳೂ ಸರಿ ಎಂದು ಕಂಪನಿಗಳು ಹೇಳಬಹುದು. ತೀರ್ಪು ಹೇಳಿದ್ದು ಅದನ್ನಲ್ಲ. ಮೊತ್ತ ಎಷ್ಟು, ಅದನ್ನು ಕೇಳುವುದಕ್ಕೆ ಕಾರಣ ಏನು, ಕಟ್ಟಬೇಕಾದವರ ಸಂಬಳ ಎಷ್ಟು ಎಂಬ ಮೂರನ್ನೂ ಎದುರು ಬದುರು ಇಟ್ಟು ತೂಗಿದ ತೀರ್ಪು ಅದು. ಹೊಸಬರಿಗೆ ಎರಡು ವಾರ ಪರಿಚಯದ ಪಾಠ ಹೇಳಿ, ಅದನ್ನು ತರಬೇತಿ ಎಂದು ಕರೆದು, ಒಂದು ವರ್ಷದ ಸಂಬಳ ಕೇಳುವ ಬಾಂಡು ಈ ತೂಕಕ್ಕೆ ನಿಲ್ಲುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ನಿಮ್ಮ ಒಪ್ಪಂದದಲ್ಲಿ ಮೊತ್ತವೇ ಇಲ್ಲ ಎಂದಿದ್ದೀರಿ. ಹಾಗಿದ್ದರೆ ಎಚ್‌ಆರ್‌ಗೆ ಒಂದೇ ಸಾಲಿನ ಇ-ಮೇಲ್ ಕಳುಹಿಸಿ: "ನೀವು ತಿಳಿಸಿದ ಮೊತ್ತ ಒಪ್ಪಂದದ ಯಾವ ಷರತ್ತಿನ ಆಧಾರದ ಮೇಲೆ ಎಂಬುದನ್ನು ದಯವಿಟ್ಟು ಬರಹದಲ್ಲಿ ತಿಳಿಸಿ." ಜಗಳವಿಲ್ಲ, ಸವಾಲಿಲ್ಲ. ಬಾಯಲ್ಲಿ ಹೇಳಿದ್ದನ್ನು ಬರೆದು ಸಹಿ ಹಾಕಬೇಕಾದಾಗ ಎಷ್ಟೋ ಬೆದರಿಕೆಗಳು ತಾವಾಗಿಯೇ ತಣ್ಣಗಾಗುವುದನ್ನು ನಾನು ಕಂಡಿದ್ದೇನೆ.

ಒಂದು ವಿಷಯವನ್ನು ನೀವು ಬರೆದಿಲ್ಲ, ಆದರೆ ಕೇಳಲೇಬೇಕು. ಸೇರುವಾಗ ಸಹಿ ಮಾಡಿದ ಖಾಲಿ ಚೆಕ್ ಏನಾದರೂ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಬಾಂಡಿಗಿಂತ ಅದರ ಮೇಲೆ ಹೆಚ್ಚು ಗಮನವಿರಲಿ. ಅವರು ಅದನ್ನು ತುಂಬಿಸಿ ಬ್ಯಾಂಕಿಗೆ ಹಾಕಿ, ಅದು ನಗದಾಗದೆ ಮರಳಿದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138ರಡಿ ನೋಟಿಸ್ ಬರಬಹುದು. ಸಿವಿಲ್ ವ್ಯಾಜ್ಯವಾಗಬೇಕಿದ್ದದ್ದು ಅಲ್ಲಿಗೆ ಕ್ರಿಮಿನಲ್ ಪ್ರಕರಣದ ರೂಪ ತಾಳುತ್ತದೆ. ಕಾನೂನಿನ ಪ್ರಕಾರ ವಸೂಲಿ ಮಾಡಬಹುದಾದ ಸಾಲವೇ ಇರಲಿಲ್ಲ ಎಂದು ವಾದಿಸಲು ಅವಕಾಶವಿದೆ, ಆದರೆ ನೋಟಿಸ್ ಕೈಸೇರಿದ ಮೇಲೆ ಕಾಲಾವಕಾಶ 15 ದಿನ ಮಾತ್ರ. ಆಗ ಸುಮ್ಮನೆ ಕೂರದೆ ವಕೀಲರಿಂದ ಉತ್ತರ ಕೊಡಿಸಬೇಕು. ಮೂಲ ಅಂಕಪಟ್ಟಿಗಳು ಅವರ ಬಳಿ ಇದ್ದರೆ ಬಿಡುಗಡೆಯ ಮಾತು ಎತ್ತುವ ಮೊದಲೇ, ಬೇರೆ ಯಾವುದೋ ಸಹಜ ಅಗತ್ಯಕ್ಕೆ ಕೇಳಿ ಹಿಂಪಡೆಯುವುದು ಜಾಣತನ.

ಇನ್ನು ಒಪ್ಪಂದವನ್ನು ಓದುವ ಬಗೆ. ರಾಜೀನಾಮೆಯ ಮಾತೇ ಇಲ್ಲ ಎನ್ನುವ ಬಹುತೇಕರ ಒಪ್ಪಂದದಲ್ಲಿ ಅದು ಎಲ್ಲೋ ಇರುತ್ತದೆ. ಅನುಬಂಧದಲ್ಲಿ, ಆಫರ್ ಪತ್ರದಲ್ಲಿ, "ಕಂಪನಿಯ ನೀತಿ ನಿಯಮಗಳು ಅನ್ವಯಿಸುತ್ತವೆ" ಎಂಬ ಸಾಲು ತೋರಿಸುವ ಸಿಬ್ಬಂದಿ ಕೈಪಿಡಿಯಲ್ಲಿ ಹುಡುಕಿ. "ಉಭಯ ಪಕ್ಷಗಳಲ್ಲಿ ಯಾರಾದರೂ ಇಂತಿಷ್ಟು ದಿನದ ನೋಟಿಸ್ ಕೊಟ್ಟು" ಎಂಬ ಸಾಲು ಸಿಕ್ಕರೆ ನಿಮ್ಮ ಸಮಸ್ಯೆ ಅಲ್ಲಿಗೇ ಮುಗಿಯಿತು. ಅವಧಿ ಎರಡು ವರ್ಷವಿದ್ದರೂ ನೋಟಿಸ್ ಕೊಟ್ಟು ಹೊರಡಬಹುದು, ಅದು ಒಪ್ಪಂದ ಮುರಿದಂತೆ ಆಗುವುದೇ ಇಲ್ಲ. ಕಂಪನಿ ಮಾತ್ರ ನೋಟಿಸ್ ಕೊಡಬಹುದು ಎಂದಿದ್ದರೆ ಕಾನೂನು ನಿಮ್ಮನ್ನು ತಾನಾಗಿ ಸಮನಾಗಿಸುವುದಿಲ್ಲ, ಆದರೆ ಮಾತುಕತೆಯಲ್ಲಿ ಅದು ನಿಮ್ಮ ಕೈಗೆ ಸಿಕ್ಕ ಒಳ್ಳೆಯ ವಾದ.

ನೀವು ಯಾವ ದೇಶದಲ್ಲಿದ್ದೀರಿ ಎಂದು ಬರೆದಿಲ್ಲ. ಇಲ್ಲಿ ಓದುವವರಲ್ಲಿ ಹೊರಗೆ ದುಡಿಯುವವರೂ ಇರುವುದರಿಂದ ಇಷ್ಟು ಹೇಳುತ್ತೇನೆ. ಫ್ರಾನ್ಸಿನಲ್ಲಿ ನಿಗದಿತ ಅವಧಿಯ ಒಪ್ಪಂದವನ್ನು ಮಧ್ಯದಲ್ಲಿ ಬಿಡುವುದು ಕಷ್ಟ, ಆದರೆ ಬೇರೆಡೆ ಕಾಯಂ ಕೆಲಸ ಸಿಕ್ಕಿದೆ ಎಂದು ತೋರಿಸಿದರೆ ಅದೇ ಕಾನೂನುಬದ್ಧ ಕಾರಣ. ನೋಟಿಸ್ ಅವಧಿ ಹೆಚ್ಚೆಂದರೆ ಎರಡು ವಾರ. ನಿಮ್ಮ ಪರಿಸ್ಥಿತಿಗೆ ಹೇಳಿ ಮಾಡಿಸಿದ ನಿಯಮ. ಜರ್ಮನಿಯಲ್ಲಿ ತದ್ವಿರುದ್ಧ: ನಿಮ್ಮ ಒಪ್ಪಂದದಲ್ಲೋ, ಕಾರ್ಮಿಕ ಸಂಘವೂ ಮಾಲೀಕರೂ ಮಾಡಿಕೊಂಡ, ನಿಮಗೆ ಅನ್ವಯವಾಗುವ ಸಾಮೂಹಿಕ ಒಪ್ಪಂದದಲ್ಲೋ ಬರೆದಿದ್ದರೆ ಮಾತ್ರ ನೋಟಿಸ್ ಕೊಟ್ಟು ಬಿಡುವ ಹಕ್ಕು, ಇಲ್ಲದಿದ್ದರೆ ಪರಸ್ಪರ ಒಪ್ಪಿಗೆ ಅಥವಾ ಗಂಭೀರ ಕಾರಣ ಬೇಕು. ಯುಎಇಯಲ್ಲಿ 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾನೂನು 30ರಿಂದ 90 ದಿನಗಳ ನೋಟಿಸಿಗೆ ಅವಕಾಶ ಕೊಡುತ್ತದೆ, ನೌಕರರ ಪಾಸ್‌ಪೋರ್ಟ್ ಮುಂತಾದ ದಾಖಲೆಗಳನ್ನು ಮಾಲೀಕರು ಇಟ್ಟುಕೊಳ್ಳುವುದನ್ನು ನಿಷೇಧಿಸುತ್ತದೆ. ವೀಸಾ ಕೆಲಸಕ್ಕೆ ಅಂಟಿಕೊಂಡಿರುವ ಯಾವ ದೇಶದಲ್ಲೇ ಆಗಲಿ, ಬಿಡುವ ದಿನಾಂಕ ನಿಶ್ಚಯಿಸುವ ಮೊದಲು ವೀಸಾ ಏನಾಗುತ್ತದೆ ಎಂಬುದನ್ನು ಕೇಳಿ ತಿಳಿಯಿರಿ.

ಇಷ್ಟೆಲ್ಲ ತಿಳಿದ ಮೇಲೆ ಮಾಡಬೇಕಾದ ಕೆಲಸ ಮಾತುಕತೆ. ಎಚ್‌ಆರ್ ಬಳಿ ಹೋಗುವ ಮೊದಲು ನಿಮ್ಮ ನೇರ ಮೇಲಧಿಕಾರಿಯ ಬಳಿ ಹೋಗಿ. ನಾನು ಸಿಬ್ಬಂದಿ ವಿಭಾಗದಲ್ಲಿದ್ದಾಗ ಇಂಥ ಕಡತ ಬಂದರೆ ಮೊದಲು ಕೇಳುತ್ತಿದ್ದ ಪ್ರಶ್ನೆ "ಇವರ ಮೇಲಧಿಕಾರಿ ಏನನ್ನುತ್ತಾರೆ?" ಎಂಬುದೇ. ಅವರು ಸರಿ ಎಂದರೆ ಉಳಿದದ್ದು ಕಾಗದದ ಕೆಲಸ. ಅವರಿಗೆ ನಿಜವಾದ ಚಿಂತೆ ನಿಮ್ಮ ಒಪ್ಪಂದದ ತಾರೀಖಲ್ಲ, ನಿಮ್ಮ ಕೈಯಲ್ಲಿರುವ ಕೆಲಸ ಯಾರು ಮುಗಿಸುತ್ತಾರೆ ಎಂಬುದು. ಆದ್ದರಿಂದ ಬರಿಗೈಯಲ್ಲಿ ಹೋಗಬೇಡಿ. ಯಾವ ಯಾವ ಕೆಲಸ ಯಾವ ಹಂತದಲ್ಲಿದೆ, ಹೊರಡುವ ಮೊದಲು ಯಾವುದನ್ನು ಮುಗಿಸಿಕೊಡಬಲ್ಲಿರಿ, ಯಾವುದನ್ನು ಯಾರಿಗೆ ಒಪ್ಪಿಸಬಹುದು ಎಂದು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ. ಬದಲಿಗೆ ಬರಬಲ್ಲ ಅರ್ಹರು ನಿಮಗೆ ಗೊತ್ತಿದ್ದರೆ ಹೆಸರು ಸೂಚಿಸಿ. ಮೇಲೆ ಹಾಕಿದ ಲೆಕ್ಕ ನೆನಪಿಸಿಕೊಳ್ಳಿ, ಬದಲಿ ವ್ಯಕ್ತಿ ಬೇಗ ಬಂದಷ್ಟೂ ಕಂಪನಿ ಕೇಳಬಹುದಾದ ನಷ್ಟ ಕರಗುತ್ತದೆ.

ಪತ್ರದ ಭಾಷೆಯ ಬಗ್ಗೆ ಎಚ್ಚರ. "ನಾನು ಇಂಥ ದಿನ ಕೆಲಸ ಬಿಡುತ್ತಿದ್ದೇನೆ" ಎಂದು ಮೊದಲೇ ಬರೆದರೆ ಒಪ್ಪಂದ ಮುರಿಯುವೆನೆಂದು ನೀವೇ ಸಾಕ್ಷಿ ಬರೆದುಕೊಟ್ಟಂತೆ. ಮೊದಲ ಪತ್ರ ಕೋರಿಕೆಯಾಗಿರಲಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: "ನನ್ನ ಒಪ್ಪಂದದ ಅವಧಿ ಇಂಥ ದಿನಾಂಕದವರೆಗೆ ಇದೆ ಎಂಬುದು ನನಗೆ ತಿಳಿದಿದೆ. ವೃತ್ತಿಯ ಕಾರಣಗಳಿಂದ, ಪರಸ್ಪರ ಒಪ್ಪಿಗೆಯ ಮೇಲೆ, ಇಂಥ ದಿನಾಂಕದಂದು ನನ್ನನ್ನು ಸೇವೆಯಿಂದ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಅಷ್ಟರೊಳಗೆ ಈ ಪತ್ರದ ಜೊತೆಗಿರುವ ಪಟ್ಟಿಯಲ್ಲಿನ ಕೆಲಸಗಳನ್ನು ಮುಗಿಸಿ, ನನ್ನ ಜಾಗಕ್ಕೆ ಬರುವವರಿಗೆ ಎಲ್ಲವನ್ನೂ ತಿಳಿಸಿಕೊಡುತ್ತೇನೆ." ಹೊಸ ಕಂಪನಿಯ ಹೆಸರು, ಸಂಬಳ, ಹಳೆಯ ಮನಸ್ತಾಪ ಯಾವುದೂ ಬೇಡ.

ಅವರು ಒಪ್ಪಿದರೆ ಬಾಯಿಮಾತಿಗೆ ನಿಲ್ಲಬೇಡಿ. ಎರಡೂ ಕಡೆಯವರು ಸಹಿ ಮಾಡಿದ ಬಿಡುಗಡೆ ಒಪ್ಪಂದ ಬೇಕು. ಕೊನೆಯ ದಿನ ಯಾವುದು, ದುಡಿದ ದಿನಗಳ ಸಂಬಳ, ಉಳಿದ ರಜೆಯ ಹಣ ಯಾವಾಗ ಬರುತ್ತದೆ, ಅನುಭವ ಪತ್ರದಲ್ಲಿ ಏನು ಬರೆಯುತ್ತಾರೆ ಎಂಬುದು ಅದರಲ್ಲಿರಲಿ. ಎಲ್ಲಕ್ಕಿಂತ ಮುಖ್ಯವಾದ ಸಾಲು, ಒಪ್ಪಂದದ ಉಳಿದ ಅವಧಿಯ ಕುರಿತು ಒಬ್ಬರ ಮೇಲೊಬ್ಬರಿಗೆ ಮುಂದೆ ಯಾವ ಹಕ್ಕುಬಾಧ್ಯತೆಯೂ ಇರುವುದಿಲ್ಲ ಎಂಬುದು. ಈ ಸಾಲಿಲ್ಲದ ಬಿಡುಗಡೆ ಪತ್ರ ಪಡೆದು ನೆಮ್ಮದಿಯಿಂದ ಹೋದವರಿಗೆ ತಿಂಗಳುಗಳ ನಂತರ ವಕೀಲರ ನೋಟಿಸ್ ಬಂದದ್ದಿದೆ. ಸ್ವಲ್ಪ ಹಣ ಕೊಟ್ಟಾದರೂ ಮುಗಿಸಿಕೊಳ್ಳಿ ಎಂಬ ಮಾತು ಬಂದರೆ ನಾನು ಅದಕ್ಕೆ ವಿರೋಧಿಯಲ್ಲ. ಒಂದೆರಡು ತಿಂಗಳ ಸಂಬಳದಷ್ಟಾದರೆ, ಹೊಸ ಕೆಲಸದ ಲಾಭ ಅದನ್ನು ಬೇಗ ತುಂಬಿಕೊಡುವಂತಿದ್ದರೆ, ವರ್ಷಗಟ್ಟಲೆ ವ್ಯಾಜ್ಯಕ್ಕಿಂತ ಅದು ವಾಸಿ. ಎಷ್ಟೋ ಸಲ ಹೊಸ ಕಂಪನಿಯೇ ಆ ಹಣ ಭರಿಸುತ್ತದೆ, ಕೇಳಲು ಸಂಕೋಚಪಡಬೇಡಿ.

ಹೊಸ ಕಂಪನಿಯಿಂದ ಒಪ್ಪಂದದ ವಿಷಯ ಮುಚ್ಚಿಡಬೇಡಿ. ಗಾಯಕಿ ವಾಗ್ನರ್ ಪ್ರಕರಣ ಮೊದಲ ತೀರ್ಪಿಗೆ ನಿಲ್ಲಲಿಲ್ಲ. ಮರುವರ್ಷ, 1853ರಲ್ಲಿ, ಆಕೆಯನ್ನು ಸೆಳೆದುಕೊಂಡ ಇನ್ನೊಂದು ರಂಗಮಂದಿರದ ಗೈ ಎಂಬವನ ಮೇಲೂ ಲಮ್ಲಿ ಹೂಡಿದ್ದ ಮೊಕದ್ದಮೆ ತೀರ್ಮಾನಕ್ಕೆ ಬಂತು. ಒಪ್ಪಂದ ಇದೆಯೆಂದು ತಿಳಿದೂ ಅದನ್ನು ಮುರಿಯಲು ಪ್ರಚೋದಿಸಿದವರೂ ಹೊಣೆಗಾರರು ಎಂಬ ತತ್ವ ನೆಲೆಯಾದದ್ದು ಆಗ. ಹಾಗಾಗಿ ನಿಮ್ಮ ಹೊಸ ಮಾಲೀಕರಿಗೂ ನೀವು ಚೊಕ್ಕಟವಾಗಿ ಹೊರಬರುವುದರಲ್ಲಿ ಆಸಕ್ತಿಯಿದೆ. ಸೇರುವ ದಿನಾಂಕವನ್ನು ಒಂದು ತಿಂಗಳು ಮುಂದೂಡಿ ಎಂದು ಕಾರಣ ಹೇಳಿ ಕೇಳಿದರೆ ಒಪ್ಪುವ ಸಂಭವವೇ ಹೆಚ್ಚು.

ಇದು ಕಂಪನಿ ತನ್ನ ಮಾತು ಉಳಿಸಿಕೊಂಡಿದ್ದರೆ. ಸಂಬಳ ತಿಂಗಳುಗಟ್ಟಲೆ ತಡವಾಗುತ್ತಿದ್ದರೆ, ಒಪ್ಪಂದದಲ್ಲಿ ಹೇಳಿದ ಹುದ್ದೆ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಿದ್ದರೆ, ಕಿರುಕುಳವಿದ್ದರೆ, ಒಪ್ಪಂದ ಮುರಿದವರು ಅವರು. ಆಗ ಅವಧಿಯ ಮಾತೆತ್ತಲು ಅವರಿಗೆ ಮುಖವಿಲ್ಲ. ಆದರೆ ಅದನ್ನು ಆಗಿಂದಾಗಲೇ ಬರಹದಲ್ಲಿ ಆಕ್ಷೇಪಿಸಿರಬೇಕು. ಆರು ತಿಂಗಳು ಸುಮ್ಮನೆ ಸಹಿಸಿ, ಬೇರೆ ಕೆಲಸ ಸಿಕ್ಕ ದಿನ ನೆನಪಿಸಿಕೊಂಡರೆ ನೀವು ಒಪ್ಪಿಕೊಂಡೇ ಮುಂದುವರಿದಿರಿ ಎಂಬ ಉತ್ತರ ಬರುತ್ತದೆ.

ಎಷ್ಟು ಕೇಳಿದರೂ ಒಪ್ಪದಿದ್ದರೆ? ಆಗಲೂ ನಾಪತ್ತೆಯಾಗಬೇಡಿ. ಫೋನ್ ಆರಿಸಿಟ್ಟು ಹೋದವರ ಕಡತವನ್ನು ಕಂಪನಿಗಳು ಹಟದಿಂದ ಬೆನ್ನಟ್ಟುತ್ತವೆ, ಹೇಳಿ ಹೋದವರದನ್ನು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಬಿಡುಗಡೆ ಕೋರಿದ ಪತ್ರಕ್ಕೆ ಎರಡು ವಾರ ಕಾದು, ಮತ್ತೊಮ್ಮೆ ನೆನಪಿಸಿ. ಆಮೇಲೆ ಸೂಕ್ತ ಕಾಲಾವಕಾಶ ಕೊಟ್ಟು, ಕೊನೆಯ ದಿನವನ್ನು ಸ್ಪಷ್ಟವಾಗಿ ನಮೂದಿಸಿ ರಾಜೀನಾಮೆಯನ್ನು ಇ-ಮೇಲ್‌ನಲ್ಲೂ ಸ್ವೀಕೃತಿ ಸಿಗುವಂಥ ಅಂಚೆಯಲ್ಲೂ ಕಳುಹಿಸಿ. ಆ ದಿನದವರೆಗೆ ರಜೆ ಹಾಕದೆ ಕೆಲಸ ಮಾಡಿ. ಲ್ಯಾಪ್‌ಟಾಪ್, ಗುರುತಿನ ಚೀಟಿ, ಕೀಲಿಕೈಗಳನ್ನು ಪಟ್ಟಿ ಮಾಡಿ ಒಪ್ಪಿಸಿ, ಪಡೆದವರ ಸಹಿ ತೆಗೆದುಕೊಳ್ಳಿ. ಕಂಪನಿಯ ಒಂದು ಕಡತವನ್ನೂ ನಿಮ್ಮ ಖಾಸಗಿ ಇ-ಮೇಲ್‌ಗೆ ಕಳುಹಿಸಿಕೊಳ್ಳಬೇಡಿ. ಆದರೆ ನಿಮ್ಮ ಒಪ್ಪಂದ, ಸಂಬಳದ ಚೀಟಿಗಳು, ಎಚ್‌ಆರ್ ಜೊತೆಗಿನ ನಿಮ್ಮ ಪತ್ರವ್ಯವಹಾರದ ಪ್ರತಿಗಳು, ಒಪ್ಪಿಸಿದ ವಸ್ತುಗಳ ಸಹಿ ಹಾಕಿದ ಪಟ್ಟಿ, ಇವು ಮನೆಯಲ್ಲಿ ನಿಮ್ಮ ಬಳಿ ಇರಬೇಕು.